‘ವಾಚ್ಯವಾಯಿತು’ ಎಂದರೆ ಏನಾಯಿತು?

ಪ್ರಶ್ನೆ: ನಾನು ಒಂದು ನಗರಸಭೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಹತ್ತು ವರ್ಷಗಳಿಂದ ಕವಿತೆ ಬರೆಯುತ್ತಿದ್ದೇನೆ. ಹಿಂದಿನ ವರ್ಷ ನಮ್ಮ ಊರಿನಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರೊಬ್ಬರು ಜೀವಂತವಾಗಿ ಮೇಲೆ ಬರಲಿಲ್ಲ. ಸುದ್ದಿ ಕೇಳಿ ಅಲ್ಲಿಗೆ ಹೋದವರಲ್ಲಿ ನಾನೂ ಒಬ್ಬಳು. ಪರಿಹಾರದ ಕಡತವೂ ನನ್ನ ಮೇಜಿನ ಮೂಲಕವೇ ಹೋಯಿತು. ಆ ಸಾವಿನ ಕುರಿತು ಹದಿನೆಂಟು ಸಾಲಿನ ಕವಿತೆಯೊಂದನ್ನು ಬರೆದು ಕವಿಗೋಷ್ಠಿಯಲ್ಲಿ ಓದಿದೆ. ಕೊನೆಯ ಸಾಲಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯ ವಿಮರ್ಶಕರು ಮಾತ್ರ, ‘ಕಾಳಜಿ ದೊಡ್ಡದು, ಆದರೆ ಕವಿತೆ ವಾಚ್ಯವಾಯಿತು, ಎಲ್ಲವನ್ನೂ ನೇರವಾಗಿ ಹೇಳಿಬಿಟ್ಟಿತು, ಘೋಷಣೆಯಾಯಿತು’ ಎಂದರು. ನನ್ನ ಜೊತೆ ಬರೆಯುವ ಗೆಳೆಯರೊಬ್ಬರು, ‘ಹೊಟ್ಟೆ ತುಂಬಿದವರ ಅಳತೆಗೋಲು ಅದು, ಅವರ ಮಾತು ಕೇಳಬೇಡಿ’ ಎಂದರು. ಇನ್ನೊಬ್ಬರು, ‘ನೀವು ಆ ಸಮುದಾಯದವರಲ್ಲ, ಇದನ್ನು ಬರೆಯುವ ಹಕ್ಕೇ ನಿಮಗಿಲ್ಲ’ ಎಂದರು. ನನ್ನ ಮೊದಲ ಸಂಕಲನ ಸಿದ್ಧವಾಗುತ್ತಿದೆ. ಈ ಕವಿತೆಯನ್ನು ಹಾಗೆಯೇ ಸೇರಿಸಲೇ, ತಿದ್ದಲೇ, ಬಿಟ್ಟುಬಿಡಲೇ? ಸಾಮಾಜಿಕ ಕವಿತೆ ಬರೆದರೆ ಕಾವ್ಯಗುಣ ಕಡಿಮೆಯಾಗುವುದು ಅನಿವಾರ್ಯವೇ?

ಉತ್ತರ: ನಿಮ್ಮ ಪತ್ರದ ಜೊತೆ ಕವಿತೆಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಕವಿತೆಯನ್ನು ಎದುರಿಗೆ ಇಟ್ಟುಕೊಳ್ಳದೆ ‘ಕಾವ್ಯವೋ ಘೋಷಣೆಯೋ’ ಎಂದು ವಾದಿಸುವುದು ರೋಗಿಯನ್ನು ನೋಡದೆ ಔಷಧ ಬರೆದಂತೆ. ನಾನು ಮೂರು ದಶಕ ಕನ್ನಡ ತರಗತಿಯಲ್ಲಿ ಕವಿತೆ ಪಾಠ ಮಾಡಿದ್ದೇನೆ, ಹಲವು ವರ್ಷ ಪತ್ರಿಕೆಯೊಂದಕ್ಕೆ ಬಂದ ಕವಿತೆಗಳನ್ನು ಆಯ್ದಿದ್ದೇನೆ. ನಿಮ್ಮ ಕವಿತೆಯಂಥ ಕವಿತೆಗಳು ಪ್ರತಿ ವಾರವೂ ನನ್ನ ಕೈಗೆ ಬರುತ್ತಿದ್ದವು. ಅವುಗಳಲ್ಲಿ ಬಹಳಷ್ಟನ್ನು ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ್ದೇನೆ, ಮತ್ತು ಆ ಟಿಪ್ಪಣಿಯಲ್ಲಿ ‘ವಾಚ್ಯ’ ಎಂಬ ಪದವನ್ನು ನಾನೂ ಬೇಕಾದಷ್ಟು ಸಲ ಬಳಸಿದ್ದೇನೆ. ಇಂದು ಅದಕ್ಕಾಗಿ ನನಗೆ ವಿಷಾದವಿದೆ. ಪದ ತಪ್ಪಾಗಿತ್ತು ಎಂದಲ್ಲ. ಅಲ್ಲಿಗೇ ನಿಲ್ಲಿಸಿದ್ದು ತಪ್ಪಾಗಿತ್ತು. ಎಲ್ಲಿ ವಾಚ್ಯವಾಯಿತು, ಏಕೆ ಆಯಿತು ಎಂದು ತೋರಿಸದ ವಿಮರ್ಶೆಯಿಂದ ಬರೆಯುವವರಿಗೆ ಏನೂ ಸಿಗುವುದಿಲ್ಲ.

ನಿಮ್ಮ ಆತಂಕದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಸಮಾಜದ ಕುರಿತು ನೇರವಾಗಿ ಮಾತಾಡುವ ಕವಿತೆ ಕಾವ್ಯವಾಗಲಾರದೇ ಎಂಬುದು ಒಂದು. ಕಾವ್ಯದ ಅಳತೆಗೋಲು ಮೇಲುವರ್ಗದ ಆಸ್ತಿಯೇ ಎಂಬುದು ಎರಡನೆಯದು. ಇನ್ನೊಬ್ಬರ ನೋವನ್ನು ಬರೆಯುವ ಹಕ್ಕು ಯಾರಿಗಿದೆ ಎಂಬುದು ಮೂರನೆಯದು. ಇವುಗಳನ್ನು ಬೆರೆಸಿಕೊಂಡಷ್ಟೂ ಉತ್ತರ ದೂರವಾಗುತ್ತದೆ.

ಮೊದಲನೆಯದು ಬಹಳ ಹಳೆಯ ತಪ್ಪು ತಿಳಿವಳಿಕೆ. ಪದಗಳು ನೇರವಾಗಿ ಹೇಳುವ ವಾಚ್ಯಾರ್ಥವೆಂದರೆ ಕೀಳು, ಹೇಳದೆಯೇ ಸೂಚಿಸುವ ಧ್ವನಿಯೆಂದರೆ ಮೇಲು ಎಂದು ನಾವು ವಿದ್ಯಾರ್ಥಿಗಳಿಗೆ ಅವಸರದಲ್ಲಿ ಕಲಿಸಿಬಿಡುತ್ತೇವೆ. ಧ್ವನಿಯ ಸಿದ್ಧಾಂತವನ್ನು ಕಟ್ಟಿದ ಒಂಬತ್ತನೆಯ ಶತಮಾನದ ಆನಂದವರ್ಧನನೇ ಹಾಗೆ ಹೇಳಿಲ್ಲ. ಬೆಳಕು ಬೇಕಾದವನು ದೀಪದ ಕುಡಿಯ ಬಗ್ಗೆ ಜಾಗರೂಕನಾಗಿರುತ್ತಾನೆ, ಹಾಗೆಯೇ ವ್ಯಂಗ್ಯಾರ್ಥ, ಅಂದರೆ ಸೂಚಿತವಾಗುವ ಅರ್ಥ, ಬೇಕಾದವನು ವಾಚ್ಯಾರ್ಥವನ್ನು ಆದರದಿಂದ ಕಾಪಾಡುತ್ತಾನೆ ಎಂಬುದು ಅವನ ‘ಧ್ವನ್ಯಾಲೋಕ’ ಗ್ರಂಥದ ಮೊದಲ ಉದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಇರುವ ಮಾತು. ಅಂದರೆ ನೇರವಾದ ಮಾತೇ ದೀಪ. ಅದು ಆರಿದರೆ ಬೆಳಕೂ ಇಲ್ಲ.

ಬಸವಣ್ಣನವರ ಎಲ್ಲರಿಗೂ ಗೊತ್ತಿರುವ ವಚನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದೋಣ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಎಂಬ ಆರಂಭಕ್ಕಿಂತ ವಾಚ್ಯವಾದ ಸಾಲು ಇನ್ನೊಂದಿಲ್ಲ. ಅಲ್ಲಿ ಉಪಮೆಯಿಲ್ಲ, ಪ್ರತಿಮೆಯಿಲ್ಲ. ಹಣವಿದ್ದವರು ಮತ್ತು ಇಲ್ಲದವರು ಎಂಬ ಲೆಕ್ಕ ಮಾತ್ರವಿದೆ. ಆದರೆ ಮುಂದಿನ ಸಾಲುಗಳಲ್ಲಿ ವಚನಕಾರ ಉಳ್ಳವರನ್ನು ಬೈಯಲು ಹೋಗುವುದಿಲ್ಲ. ಅವರ ಕಟ್ಟಡದ ಸಾಮಾನುಗಳನ್ನೇ ಒಂದೊಂದಾಗಿ ಎತ್ತಿಕೊಳ್ಳುತ್ತಾನೆ. ಕಂಬ ಕಾಲಾಗುತ್ತದೆ, ದೇಗುಲ ದೇಹವಾಗುತ್ತದೆ, ಹೊನ್ನ ಕಳಸ ತಲೆಯಾಗುತ್ತದೆ. ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂಬ ಕೊನೆಯ ಮಾತಿಗೆ ಬರುವ ಹೊತ್ತಿಗೆ ನಮ್ಮ ಕಣ್ಣೆದುರಿಗೆ ಒಂದು ದೇಗುಲ ಎದ್ದು ನಡೆಯತೊಡಗಿದೆ. ಆ ಕೊನೆಯ ಮಾತನ್ನು ಬಿಡಿಸಿ ಬರೆದರೆ ಅದು ಘೋಷಣೆಯೇ ಸರಿ. ಗೋಡೆಯ ಮೇಲೆ ಬರೆಯಬಹುದು, ಮೆರವಣಿಗೆಯಲ್ಲಿ ಕೂಗಬಹುದು. ಆದರೆ ವಚನದೊಳಗೆ ಅದು ಘೋಷಣೆಯಂತೆ ಕೇಳಿಸುವುದಿಲ್ಲ, ಏಕೆಂದರೆ ಆ ತೀರ್ಮಾನವನ್ನು ಹೇಳುವ ಮೊದಲೇ ಅದನ್ನು ನಾವು ಕಂಡಿರುತ್ತೇವೆ.

ನನಗೆ ಹೇಳಬೇಕಾಗಿರುವ ಮುಖ್ಯ ಮಾತು ಇದೇ. ಕವಿತೆ ಸಮಾಜವನ್ನು ಕುರಿತದ್ದಾದ್ದರಿಂದ ಘೋಷಣೆಯಾಗುವುದಿಲ್ಲ, ನೇರವಾಗಿ ಹೇಳಿದ್ದರಿಂದಲೂ ಆಗುವುದಿಲ್ಲ. ನೋಡುವುದನ್ನು ನಿಲ್ಲಿಸಿ, ನೋಡುವ ಮೊದಲೇ ಗೊತ್ತಿದ್ದುದನ್ನು ಹೇಳತೊಡಗಿದ ಕ್ಷಣದಲ್ಲಿ ಕವಿತೆ ಘೋಷಣೆಯಾಗುತ್ತದೆ. ಪ್ರೇಮ ಕವಿತೆಯಲ್ಲೂ ನಿಸರ್ಗದ ಕವಿತೆಯಲ್ಲೂ ಇದು ಆಗುತ್ತದೆ. ಬೆಳದಿಂಗಳನ್ನು ಒಮ್ಮೆಯೂ ತಲೆಯೆತ್ತಿ ನೋಡದೆ ಬರೆದ ಬೆಳದಿಂಗಳ ಕವಿತೆಗಳೂ ಘೋಷಣೆಗಳೇ. ಅವು ಮೆಲುದನಿಯಲ್ಲಿರುವುದರಿಂದ ನಾವು ಅವುಗಳನ್ನು ಹಾಗೆಂದು ಗುರುತಿಸುವುದಿಲ್ಲ, ಅಷ್ಟೆ.

ಈಗ ನಿಮ್ಮ ಕವಿತೆಗೆ ಬರುತ್ತೇನೆ. ಅದು ‘ನಗರದ ಕೊಳೆಯನೆಲ್ಲ ತೊಳೆದ ಕೈಯೇ, ನಿನಗೆ ನಮ್ಮ ನಮನ’ ಎಂದು ಆರಂಭವಾಗುತ್ತದೆ. ಈ ಸಾಲನ್ನು ಬರೆಯಲು ನೀವು ಆ ಜಾಗಕ್ಕೆ ಹೋಗಿರಬೇಕಾಗಿರಲಿಲ್ಲ. ಮನೆಯಲ್ಲಿ ಕುಳಿತ ಯಾರೂ ಬರೆಯಬಹುದಿತ್ತು. ‘ನಮ್ಮ ನಮನ’ ಎಂದಾಗ ‘ನಾವು’ ಯಾರು ಎಂಬುದೂ ಸ್ಪಷ್ಟವಿಲ್ಲ. ಮುಂದೆ ಬೆವರು, ಬೆಂಕಿ, ನೆತ್ತರು, ಸರಪಳಿ ಬರುತ್ತವೆ. ಇವು ನಾಲ್ಕು ದಶಕಗಳಿಂದ ಕನ್ನಡದ ಪ್ರತಿಭಟನೆಯ ಕವಿತೆಗಳಲ್ಲಿ ಸವೆದಿರುವ ನಾಣ್ಯಗಳು. ಹೊಸದಾಗಿ ಬಂದಾಗ ಅವುಗಳಿಗೆ ಬೆಲೆಯಿತ್ತು. ಈಗ ಅವು ಕೈಯಿಂದ ಕೈಗೆ ದಾಟುತ್ತವೆಯೇ ಹೊರತು ಯಾರೂ ಅವುಗಳ ಮೇಲಿನ ಮುದ್ರೆಯನ್ನು ನೋಡುವುದಿಲ್ಲ.

ಆಮೇಲೆ, ಹನ್ನೊಂದನೆಯ ಸಾಲಿನಲ್ಲಿ, ಒಮ್ಮೆಗೇ ಇದು ಬರುತ್ತದೆ: ‘ಅಂಗಿಯ ಗುಂಡಿ ಹಾಕಿ, ಮಡಿಸಿಟ್ಟು, ಗುಂಡಿಗೆ ಇಳಿದ.’

ಈ ಸಾಲಿಗೆ ಬಂದಾಗ ನಾನು ಕಾಗದವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನೀವು ಅಲ್ಲಿ ಹೋಗಿ ನಿಂತಾಗ ಆ ಮಡಿಸಿದ ಅಂಗಿಯನ್ನು ನೋಡಿರಬೇಕು. ಕೆಲಸ ಮುಗಿಸಿ ಬಂದು ಮತ್ತೆ ತೊಟ್ಟುಕೊಳ್ಳಬೇಕಾದ ಅಂಗಿ ಅದು, ಕೊಳೆಯಾಗಬಾರದು. ಆದ್ದರಿಂದಲೇ ಗುಂಡಿಗಳನ್ನೆಲ್ಲ ಹಾಕಿ, ಓರಣವಾಗಿ ಮಡಿಸಿಟ್ಟಿದ್ದಾನೆ. ಅವನು ಅಚ್ಚುಕಟ್ಟಿನ ಮನುಷ್ಯ, ಅವನಿಗೆ ಸಂಜೆ ಎಂಬುದೊಂದು ಇತ್ತು ಎಂಬುದನ್ನು ಹೇಳಲು ನೀವು ಬೇರೆ ಪದವನ್ನೇ ಬಳಸಿಲ್ಲ. ಇದಕ್ಕಿಂತಲೂ ಮಿಗಿಲಾದುದನ್ನು ಭಾಷೆಯೇ ನಿಮಗೆ ಕೊಟ್ಟಿದೆ. ಕನ್ನಡದಲ್ಲಿ ಅಂಗಿಯನ್ನು ಮುಚ್ಚುವುದೂ ‘ಗುಂಡಿ’, ಬಾಯ್ದೆರೆದು ಮನುಷ್ಯನನ್ನು ನುಂಗುವುದೂ ‘ಗುಂಡಿ’. ಒಂದನ್ನು ಅವನು ಹಾಕಿದ, ಇನ್ನೊಂದಕ್ಕೆ ಅವನನ್ನು ಇಳಿಸಲಾಯಿತು. ಮತ್ತೆ ‘ಗುಂಡಿಗೆ’ ಎಂಬ ಚತುರ್ಥಿ ರೂಪದೊಳಗೆ ಎದೆಯ ‘ಗುಂಡಿಗೆ’ಯೂ ಮಿಡಿಯುತ್ತದೆ. ಪದದ ಶಕ್ತಿಯಿಂದಲೇ ಹೊಮ್ಮುವ ಇಂಥ ಅರ್ಥವನ್ನು ನಮ್ಮ ಕಾವ್ಯಮೀಮಾಂಸಕರು ಶಬ್ದಶಕ್ತಿಮೂಲ ಧ್ವನಿ ಎಂದು ಕರೆದರು. ಈ ಸಾಲನ್ನು ಬೇರೆ ಭಾಷೆಗೆ ಕೊಂಡೊಯ್ಯುವುದು ಬಹಳ ಕಷ್ಟ. ನೀವು ಇದನ್ನು ಉದ್ದೇಶಿಸಿ ಬರೆದಿರೋ ಇಲ್ಲವೋ ನನಗೆ ಮುಖ್ಯವಲ್ಲ; ನೋಡಿದ್ದನ್ನು ನೋಡಿದಂತೆ ಹೇಳಲು ಹೊರಟಾಗ ಭಾಷೆ ಹೀಗೆ ಕೈಗೂಡುತ್ತದೆ.

ಆದರೆ ನಿಮ್ಮ ಸಭೆಯಲ್ಲಿ ಯಾರೂ ಈ ಸಾಲಿಗೆ ಚಪ್ಪಾಳೆ ತಟ್ಟಲಿಲ್ಲ. ಅವರು ಎದ್ದು ನಿಂತಿದ್ದು ಕೊನೆಯ ಎರಡು ಸಾಲಿಗೆ: ‘ಏಳು ಅಣ್ಣಾ, ಎದ್ದೇಳು, ಮುಷ್ಟಿ ಬಿಗಿದು ನಿಲ್ಲು, ಕತ್ತಲೆಯ ಕೋಟೆಗಳ ಒಡೆದು ಗೆಲ್ಲು.’ ದಯವಿಟ್ಟು ಇದನ್ನು ಹನ್ನೊಂದನೆಯ ಸಾಲಿನ ಪಕ್ಕದಲ್ಲಿಟ್ಟು ಓದಿ. ಆ ಮನುಷ್ಯ ಸತ್ತಿದ್ದಾನೆ. ಕವಿತೆ ಸತ್ತವನಿಗೆ ಎದ್ದೇಳು ಎನ್ನುತ್ತಿದೆ. ಬದುಕಿರುವ ನೂರಾರು ಮಂದಿಗೆ, ಅಂದರೆ ಇಳಿಸಿದವರಿಗೆ, ಸಹಿ ಹಾಕಿದವರಿಗೆ, ಮುಚ್ಚಳದ ಮೇಲೆ ದಿನವೂ ಓಡಾಡುವವರಿಗೆ ಏನನ್ನೂ ಹೇಳದೆ, ಏನನ್ನೂ ಮಾಡಲಾರದ ಒಬ್ಬನೇ ಒಬ್ಬನಿಗೆ ಹೋರಾಟದ ಹೊಣೆ ಹೊರಿಸುತ್ತಿದೆ. ನೀವು ಇದನ್ನು ಬಯಸಿರಲಿಲ್ಲ ಎಂದು ನನಗೆ ಖಚಿತವಾಗಿ ಗೊತ್ತು. ಸಿದ್ಧವಾಗಿದ್ದ ಲಯವೊಂದು ನಿಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು. ನಿಮ್ಮ ಹಿರಿಯ ವಿಮರ್ಶಕರು ‘ವಾಚ್ಯ’ ಎಂದಾಗ ಬಹುಶಃ ಅವರಿಗೆ ತೊಡಕೆನಿಸಿದ್ದು ಇದೇ. ಅದನ್ನು ಅವರು ಬಿಡಿಸಿ ಹೇಳಬೇಕಾಗಿತ್ತು.

ನಿಮ್ಮ ಗೆಳೆಯರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಅಳತೆಗೋಲಿಗೂ ಇತಿಹಾಸವಿದೆ. ಪ್ರತಿಮೆ, ವ್ಯಂಗ್ಯ, ಸಂಕೀರ್ಣತೆ, ಅನುಭವದ ಅಧಿಕೃತತೆ ಎಂದು ನಾವು ಇಂದಿಗೂ ಬಳಸುವ ಪರಿಭಾಷೆ ಹೆಚ್ಚಾಗಿ ನವ್ಯದ, ಅಂದರೆ ಆಧುನಿಕತಾವಾದಿ ಸಾಹಿತ್ಯ ಚಳವಳಿಯ, ಕಾಲದ್ದು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ ಸಂಕಲನ ಬಂದ 1954ರಿಂದ ಮುಂದಿನ ಎರಡು ದಶಕಗಳಲ್ಲಿ ಅದು ತರಗತಿಗಳಲ್ಲಿ ನೆಲೆಯೂರಿತು. ಒಬ್ಬನೇ ಕುಳಿತು, ಕಣ್ಣಿನಿಂದ, ಮತ್ತೆ ಮತ್ತೆ ಓದುವ ಕವಿತೆಗಾಗಿ ರೂಪುಗೊಂಡ ಪರಿಭಾಷೆ ಅದು. ಕಿವಿಯಿಂದ, ನೂರು ಜನರ ನಡುವೆ, ಒಮ್ಮೆಗೇ ಕೇಳುವ ಹಾಡಿಗೆ, ತತ್ತ್ವಪದಕ್ಕೆ, ಲಾವಣಿಗೆ ಅದನ್ನು ಹಿಡಿದರೆ ತಪ್ಪು ತೂಕವೇ ಬರುತ್ತದೆ.

ನಿಮ್ಮ ಕವಿತೆಯ ವಸ್ತುವಿಗೆ ಹತ್ತಿರವಾದ ಒಂದು ಘಟನೆಯನ್ನು ಇಲ್ಲಿ ನೆನೆಯಲೇಬೇಕು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಆಗಿನ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಇದೆ ಎಂದರು. ದೊಡ್ಡ ಗಲಭೆಯಾಯಿತು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಆ ಮಾತನ್ನು ಸಾಹಿತ್ಯಕ್ಕೆ ಮಾಡಿದ ಅವಮಾನವೆಂದು ತಿಳಿದವರು ಹಲವರು. ಅದೇ ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಎಂಬುದನ್ನು ಜೊತೆಗಿಟ್ಟು ನೋಡಿದರೆ ಅವರ ಮಾತು ಬೇರೆ ರೀತಿಯಲ್ಲಿ ಕೇಳಿಸುತ್ತದೆ. ಸಾವಿರ ವರ್ಷದ ಕಾವ್ಯದಲ್ಲಿ ಆ ಬುಟ್ಟಿ ಎಲ್ಲಿದೆ ಎಂಬುದು ಆ ಟೀಕೆಯೊಳಗಿನ ಪ್ರಶ್ನೆಯೆಂದು ನಾನು ಓದುತ್ತೇನೆ. ನನ್ನ ಮಟ್ಟಿಗೆ ಅದು ಆ ಕಾಲದ ಅತ್ಯಂತ ಗಂಭೀರ ಸಾಹಿತ್ಯ ವಿಮರ್ಶೆಗಳಲ್ಲಿ ಒಂದು. ಅದು ವಿಮರ್ಶಕನೊಬ್ಬನ ಬಾಯಿಂದ ಬರಲಿಲ್ಲ ಎಂಬುದನ್ನು ವಿಮರ್ಶಕರಾದ ನಾವು ನೆನಪಿಡಬೇಕು.

ಎರಡು ವರ್ಷದ ಬಳಿಕ, 1975ರಲ್ಲಿ, ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ ಬಂತು. ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಕೋರಿಕೆ ನಿರಾಕರಣೆಗೆ ಒಳಗಾದ ಮೇಲೆ 1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ‘ಖಡ್ಗವಾಗಲಿ ಕಾವ್ಯ, ಜನರ ನೋವಿಗೆ ಮಿಡಿವ ಪ್ರಾಣಮಿತ್ರ’ ಎಂಬುದು ಅದರ ಘೋಷವಾಕ್ಯ. ಜನ ಇದರ ಮೊದಲ ಎರಡು ಪದಗಳನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಪೂರ್ತಿ ಓದಿದರೆ ಖಡ್ಗಕ್ಕೆ ‘ಮಿಡಿವ’ ಎಂಬ ಕ್ರಿಯೆ ಅಂಟಿಕೊಂಡಿದೆ. ಅದು ನಾಡಿಗೆ, ತಂತಿಗೆ ಸೇರಿದ ಪದ. ಕತ್ತರಿಸುವುದು ಮತ್ತು ಸ್ಪಂದಿಸುವುದು ಒಂದೇ ಕಾಲಕ್ಕೆ ಆಗಬೇಕೆಂದು ಅದು ಕೇಳುತ್ತದೆ. ಘೋಷಣೆಯನ್ನೂ ಕಿವಿಯಿರುವವರು ಬರೆದಾಗ ಅದರೊಳಗೆ ಕಾವ್ಯ ಇರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಕವಿತೆಯಲ್ಲಿ ‘ಸೈಜುಗಲ್ಲು’ ಎಂಬ ಪದವೊಂದು ಬರುತ್ತದೆ. ಕಟ್ಟಡ ಕೆಲಸದವರ ನಾಲಗೆಯ ಮೇಲಿನ ಪದ ಅದು. ಕಲ್ಲು ಎಂದಿದ್ದರೂ, ಬಂಡೆ ಎಂದಿದ್ದರೂ ಅರ್ಥ ಕೆಡುತ್ತಿರಲಿಲ್ಲ, ಆದರೆ ಹೊತ್ತ ಹೆಗಲು ಕಾಣೆಯಾಗುತ್ತಿತ್ತು. ಆ ಒಂದು ಪದಕ್ಕಾಗಿ ಆ ಕವಿತೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅದು ಮೆರವಣಿಗೆಯಲ್ಲಿ ಹಾಡಿದ ಕವಿತೆ, ಒಬ್ಬರೇ ಕುಳಿತು ಓದಿದರೂ ನಿಲ್ಲುವ ಕವಿತೆ. ಆದ್ದರಿಂದ ‘ರೂಪದ ಬಗ್ಗೆ ಕೇಳುವುದೇ ಹೊಟ್ಟೆ ತುಂಬಿದವರ ಮಾತು’ ಎಂಬ ನಿಮ್ಮ ಗೆಳೆಯರ ತೀರ್ಮಾನವನ್ನು ನಾನು ಒಪ್ಪಲಾರೆ. ಹಾಗೆನ್ನುವುದು ಆ ಕವಿಗಳ ಕಸುಬನ್ನು ಕಡೆಗಣಿಸಿದಂತೆ. ಅವರು ಕೋಪವಿತ್ತೆಂದು ಮಾತ್ರ ದೊಡ್ಡ ಕವಿಗಳಾಗಲಿಲ್ಲ. ಆ ಕೋಪಕ್ಕೆ ಲಯ ಹುಡುಕಿದರು, ಪದ ಹುಡುಕಿದರು. ನಿಮ್ಮ ಕವಿತೆಯನ್ನು ಹಾಡಿನ ಅಳತೆಯಿಂದ ನೋಡಿದರೂ ನನಗೆ ತೃಪ್ತಿಯಾಗಲಿಲ್ಲ ಎಂದು ಹೇಳಬೇಕು. ಅದರಲ್ಲಿ ಪಲ್ಲವಿಯಿಲ್ಲ, ಮರುಕಳಿಸುವ ಸಾಲಿಲ್ಲ, ಮೊದಲ ಹದಿನಾರು ಸಾಲುಗಳಿಗೆ ಗಣವೂ ಇಲ್ಲ, ಪ್ರಾಸವೂ ಇಲ್ಲ. ಕೊನೆಯ ಎರಡರಲ್ಲಿ ಮಾತ್ರ ‘ನಿಲ್ಲು–ಗೆಲ್ಲು’ ಬಂದು ಕುಳಿತಿದೆ.

ಇನ್ನು ಹಕ್ಕಿನ ಪ್ರಶ್ನೆ. ಇದನ್ನು ನಿಮಗೆ ಕೇಳಿದವರು ಒರಟಾಗಿ ಕೇಳಿರಬಹುದು, ಆದರೆ ಪ್ರಶ್ನೆ ಹುರುಳಿಲ್ಲದ್ದಲ್ಲ. ‘ನನ್ನ ಜನಗಳು’ ಎಂಬಲ್ಲಿರುವ ‘ನನ್ನ’ ಎಂಬುದನ್ನು ಬದುಕು ಕೊಟ್ಟಿದ್ದು, ಅದನ್ನು ಬೇರೆಯವರು ಸುಮ್ಮನೆ ಎತ್ತಿಕೊಳ್ಳಲಾಗದು. ಹಾಗೆಂದು ಹುಟ್ಟಿದ ಕೇರಿಯ ಹೊರಗೆ ಯಾರೂ ಕಣ್ಣೆತ್ತಿ ನೋಡಬಾರದು ಎಂದರೆ, ಅಸ್ಪೃಶ್ಯತೆ ಊರಿಗೆ ಹಾಕಿದ ಗೆರೆಯನ್ನೇ ನಾವು ಕಾವ್ಯಕ್ಕೂ ಹಾಕಿದಂತಾಗುತ್ತದೆ. ಹತ್ತನೆಯ ಶತಮಾನದ ಪಂಪ ‘ಕುಲಂ ಕುಲಮಲ್ತು’, ಅಂದರೆ ಹುಟ್ಟಿದ ಕುಲ ಕುಲವಲ್ಲ, ಎಂಬ ಮಾತನ್ನು ಕರ್ಣನ ಬಾಯಲ್ಲಿ ಇಟ್ಟ. ಅವಮಾನವನ್ನು ಉಂಡವನ ಸ್ಥಾನದಿಂದಲೇ ಆ ಮಾತು ಹೊರಡಬೇಕೆಂದು ಅವನಿಗೆ ತಿಳಿದಿತ್ತು. ಬರೆಯುವ ಹಕ್ಕು ಇದೆಯೇ ಎನ್ನುವುದಕ್ಕಿಂತ ಎಲ್ಲಿ ನಿಂತು ಬರೆಯುತ್ತಿದ್ದೇನೆ ಎನ್ನುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಎಂದು ನನಗೆ ತೋರುತ್ತದೆ.

ನೀವು ಎಲ್ಲಿ ನಿಂತಿದ್ದಿರಿ? ನಿಮ್ಮ ಪತ್ರದಲ್ಲಿ ಅದು ಒಂದೇ ವಾಕ್ಯದಲ್ಲಿದೆ: ‘ಪರಿಹಾರದ ಕಡತವೂ ನನ್ನ ಮೇಜಿನ ಮೂಲಕವೇ ಹೋಯಿತು.’ ಕವಿತೆಯಲ್ಲಿ ಆ ಮೇಜೂ ಇಲ್ಲ, ಕಡತವೂ ಇಲ್ಲ, ನೀವೂ ಇಲ್ಲ. ಕನ್ನಡದಲ್ಲಿ ಎಷ್ಟೋ ಕವಿಗಳಿಗೆ ಸಿಗದ ಜಾಗ ನಿಮಗೆ ಸಿಕ್ಕಿದೆ. ಕೈಯಿಂದ ಮಲ ಬಾಚಿಸುವುದನ್ನೂ, ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಅಂದರೆ ನಿಮ್ಮ ಮೇಜಿಗೆ ಬಂದದ್ದು ಕಾನೂನಿನ ಪ್ರಕಾರ ನಡೆಯಲೇಬಾರದಿದ್ದ ಕೆಲಸದಲ್ಲಿ ಸತ್ತವನ ಕಡತ. ಅಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇವು ಕವಿತೆಗೆ ಹೊರಗಿನ ಮಾಹಿತಿಗಳು ಎಂದು ತಿಳಿಯಬೇಡಿ. ‘ನೆತ್ತರು’ ಎಂಬ ಪದಕ್ಕಿಂತ ಒಂದು ಅಂಕಿ, ಒಂದು ದಿನಾಂಕ, ‘ಮಂಡಿಸಿದೆ’ ಎಂಬ ಕಚೇರಿಯ ಒಂದು ಕ್ರಿಯಾಪದ ಓದುಗನ ಎದೆಗೆ ಆಳವಾಗಿ ಇಳಿಯಬಹುದು.

ಗುಂಡಿಯೊಳಗೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಂಡು ಬರೆಯಿರಿ. ಅಲ್ಲಿ ಸೇರಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯ ಹತ್ತು ಲಕ್ಷ ಭಾಗಕ್ಕೆ ಅದು ಸುಮಾರು 100 ಭಾಗವಾದಾಗ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ತೋರುವ ಗಳಿಗೆಯಲ್ಲೇ ಅಪಾಯ ಹೆಚ್ಚುತ್ತಿರುತ್ತದೆ. ಒಂದು ಊರಿಗೆ, ಒಂದು ಕಚೇರಿಗೆ, ದಿನವೂ ಇಂಥ ಕಡತಗಳನ್ನು ನೋಡುವ ಒಬ್ಬ ಸಹಾಯಕಿಯ ಮೂಗಿಗೆ ಆಗುವುದೂ ಇದೇ ಅಲ್ಲವೇ? ಇಲ್ಲಿ ನಾನು ನಿಮ್ಮ ಕವಿತೆಯನ್ನು ಬರೆಯಲು ಹೊರಟಿಲ್ಲ. ವಿಷಯವನ್ನು ಹತ್ತಿರದಿಂದ ತಿಳಿದಾಗ ಪ್ರತಿಮೆಯನ್ನು ಹೊರಗಿನಿಂದ ತರಬೇಕಾಗಿಲ್ಲ, ಅದು ಅಲ್ಲಿಯೇ ಇರುತ್ತದೆ ಎಂಬುದನ್ನು ತೋರಿಸಲು ಇಷ್ಟು ಹೇಳಿದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಒಂದು, ಕವಿತೆಯನ್ನು ಹಾಡಾಗಿ ಕಟ್ಟುವುದು. ಪೌರಕಾರ್ಮಿಕರ ಸಭೆಯಲ್ಲಿ ಹಾಡಲು ಹಾಡು ಬೇಕು, ಅದು ಕಡಿಮೆ ಕೆಲಸವಲ್ಲ. ಹಾಗಾದರೆ ಪಲ್ಲವಿಯನ್ನು ಕಟ್ಟಿ, ಹಾಡುವವರ ಬಾಯಲ್ಲಿ ಇಟ್ಟು ನೋಡಿ, ಅವರು ಬದಲಿಸಿದ್ದನ್ನು ಒಪ್ಪಿಕೊಳ್ಳಿ. ಅಪಾಯವೆಂದರೆ ಸವೆದ ಪದಗಳು ಹಾಡಿನಲ್ಲಿ ಇನ್ನೂ ಸುಲಭವಾಗಿ ನುಸುಳುತ್ತವೆ.

ಇನ್ನೊಂದು, ಸತ್ತವನ ಅಥವಾ ಅವನ ಹೆಂಡತಿಯ ದನಿಯಲ್ಲಿ ಬರೆಯುವುದು. ಹೊಸಬರು ಹೆಚ್ಚಾಗಿ ಈ ದಾರಿಗೆ ಹೋಗುತ್ತಾರೆ, ಹೆಚ್ಚಾಗಿ ಸೋಲುತ್ತಾರೆ. ಆಡುನುಡಿಯನ್ನು ಅನುಕರಿಸಿ ನಾಲ್ಕು ‘ಕಣಣ್ಣೋ’ ಸೇರಿಸಿದರೆ ಆ ಹೆಂಗಸು ಮಾತಾಡಿದಂತಾಗುವುದಿಲ್ಲ. ಅವಳು ಎಂದೂ ಹೇಳದಿದ್ದ ಮಾತನ್ನು ನಾವು ಹೇಳಿಸಿದಂತಾಗುತ್ತದೆ. ವರ್ಷಗಟ್ಟಲೆ ಒಡನಾಟವಿಲ್ಲದೆ ಇದಕ್ಕೆ ಕೈ ಹಾಕಬೇಡಿ ಎಂದು ನನ್ನ ಸಲಹೆ.

ಮೂರನೆಯದು ನಿಮ್ಮ ಮೇಜಿನಿಂದಲೇ ಬರೆಯುವುದು. ನನ್ನ ಒಲವು ಇದರ ಕಡೆಗಿದೆ, ಮತ್ತು ಇದರ ಅಪಾಯ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಕವಿತೆ ನಿಧಾನವಾಗಿ ನಿಮ್ಮ ಪಾಪಪ್ರಜ್ಞೆಯ ಕವಿತೆಯಾಗಿಬಿಡಬಹುದು. ಸತ್ತವನು ನಿಮ್ಮ ಕಣ್ಣೀರಿಗೊಂದು ನೆಪವಾಗಬಹುದು. ಇತ್ತೀಚಿನ ಕನ್ನಡ ಕವಿತೆಯಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ: ಘೋಷಣೆಯಿಂದ ತಪ್ಪಿಸಿಕೊಂಡವರು ಆತ್ಮಮರುಕಕ್ಕೆ ಬಂದು ನಿಲ್ಲುತ್ತಾರೆ, ವಿಮರ್ಶಕರು ಅದನ್ನು ಸಂಕೀರ್ಣತೆ ಎಂದು ಹೊಗಳುತ್ತಾರೆ. ಇದರಿಂದ ಪಾರಾಗುವ ಉಪಾಯ ಅದೇ ಹನ್ನೊಂದನೆಯ ಸಾಲಿನಲ್ಲಿದೆ. ಅಲ್ಲಿ ‘ನಾನು’ ಇಲ್ಲ, ಅಳು ಇಲ್ಲ. ಅವನು ಮಾಡಿದ ಕೆಲಸವಿದೆ. ನಿಮ್ಮ ಭಾವ ತಿಳಿಸುವ ಪ್ರತಿಯೊಂದು ಸಾಲನ್ನೂ ಹೊಡೆದುಹಾಕಿ, ನಿಮ್ಮ ಕೈ ಆ ದಿನಗಳಲ್ಲಿ ಏನು ಮಾಡಿತೋ ಅದನ್ನು ಇಡಿ. ದಾಖಲೆ ಕೇಳಿದಿರೇ? ಮೊಹರು ಹಾಕಿದಿರೇ? ಹೆಸರಿನ ಕಾಗುಣಿತ ತಿದ್ದಿದಿರೇ?

ಗದ್ಯದಲ್ಲಿ ಬರೆಯುವುದೂ ಒಂದು ದಾರಿಯೇ. ಎಲ್ಲ ನೋವೂ ಕವಿತೆಯಾಗಲೇಬೇಕೆಂಬ ನಿಯಮವಿಲ್ಲ.

ಪ್ರಕಟಣೆಯ ಅಪಾಯಗಳ ಬಗ್ಗೆಯೂ ಹೇಳಬೇಕು. ನೀವು ಸರ್ಕಾರಿ ನೌಕರಿಯಲ್ಲಿದ್ದೀರಿ. ನಡತೆ ನಿಯಮಗಳು ಸರ್ಕಾರದ ನೀತಿ ಮತ್ತು ಕ್ರಮಗಳನ್ನು ಸಾರ್ವಜನಿಕವಾಗಿ ಟೀಕಿಸುವುದರ ಮೇಲೂ, ಕಚೇರಿಯ ದಾಖಲೆಗಳನ್ನು ಹೊರಗೆಡಹುವುದರ ಮೇಲೂ ನಿರ್ಬಂಧ ಹಾಕುತ್ತವೆ. ಕಡತದ ಸಂಖ್ಯೆ, ಅಧಿಕಾರಿಯ ಟಿಪ್ಪಣಿ, ಹೆಸರು ಇವುಗಳನ್ನು ಇದ್ದಂತೆಯೇ ಕವಿತೆಗೆ ತರಬೇಡಿ; ಸೇವಾ ನಿಯಮ ಬಲ್ಲವರೊಬ್ಬರಿಗೆ ಹಸ್ತಪ್ರತಿಯನ್ನು ತೋರಿಸಿ. ಸತ್ತವರ ಹೆಸರನ್ನು ಬಳಸುವುದಾದರೆ ಮನೆಯವರನ್ನು ಕೇಳಿ. ಅವರು ಬೇಡವೆಂದರೆ ಮುಂದಿನ ಮಾತಿಲ್ಲ.

ಕವಿತೆಗಾಗಿ ಪೊಲೀಸ್ ಠಾಣೆಗೆ ಹೋಗಬೇಕಾದ ಪ್ರಸಂಗಗಳು ನಮ್ಮಲ್ಲಿ ಹೊಸವಲ್ಲ. ವಸಾಹತು ಸರ್ಕಾರ ‘ನರಬಲಿ’ ಕವಿತೆಗಾಗಿ ಬೇಂದ್ರೆಯವರನ್ನು ಸೆರೆಮನೆಗೆ ಕಳಿಸಿತ್ತು. 2020ರ ಜನವರಿಯಲ್ಲಿ ಆನೆಗುಂದಿ ಉತ್ಸವದಲ್ಲಿ ಪೌರತ್ವದ ಕುರಿತು ಕವಿತೆ ಓದಿದ ಕವಿಯೊಬ್ಬರ ಮೇಲೆ ಪ್ರಕರಣ ದಾಖಲಾಯಿತು. ಧೈರ್ಯ ಕೊಡುವ ಸಂಗತಿಯೂ ಇದೆ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್, ಕವಿತೆಯೊಂದರ ಕಾರಣಕ್ಕೆ ಗುಜರಾತಿನಲ್ಲಿ ಸಂಸದರೊಬ್ಬರ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ರದ್ದುಪಡಿಸುತ್ತ, ಮಾತಿನ ಪರಿಣಾಮವನ್ನು ದೃಢಮನಸ್ಸಿನ ವಿವೇಕಿಗಳ ಅಳತೆಯಿಂದ ನೋಡಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಅಳತೆಯಿಂದಲ್ಲ ಎಂದಿತು. ನಿಮ್ಮ ಕವಿತೆಯ ಈಗಿನ ರೂಪದಲ್ಲಿ ಕಾನೂನಿನ ತಡೆಗೆ ಒಳಗಾಗುವಂಥದ್ದು ನನಗೆ ಕಾಣಲಿಲ್ಲ.

ಸಂಕಲನಕ್ಕೆ ಇದನ್ನು ಈಗಿರುವಂತೆ ಸೇರಿಸಬೇಡಿ, ಬಿಟ್ಟುಬಿಡಲೂ ಬೇಡಿ. ಪುಸ್ತಕ ಮೂರು ತಿಂಗಳು ತಡವಾದರೆ ನಷ್ಟವೇನಿಲ್ಲ. ಮೊದಲ ಹತ್ತು ಸಾಲುಗಳನ್ನೂ ಕೊನೆಯ ಎರಡನ್ನೂ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ‘ಅಂಗಿಯ ಗುಂಡಿ ಹಾಕಿ, ಮಡಿಸಿಟ್ಟು, ಗುಂಡಿಗೆ ಇಳಿದ’ ಎಂಬುದನ್ನು ಮೊದಲ ಸಾಲಾಗಿಸಿ. ಆ ಅಂಗಿಯನ್ನು ಆಮೇಲೆ ಯಾರು ಎತ್ತಿಕೊಂಡರು, ಅದು ಎಲ್ಲಿಗೆ ಹೋಯಿತು ಎಂಬುದು ನಿಮಗೆ ಗೊತ್ತಿದ್ದರೆ ಎರಡನೆಯ ಸಾಲು ಅಲ್ಲಿಂದ ಹೊರಡಲಿ. ಗೊತ್ತಿಲ್ಲದಿದ್ದರೆ, ಬರೆಯುವ ಮೊದಲು ಅಲ್ಲಿ ಆ ದಿನ ಇದ್ದವರನ್ನು ಕೇಳಿ ತಿಳಿದುಕೊಳ್ಳಿ. ತಿದ್ದಿದ ಕವಿತೆಯನ್ನು ನನಗೆ ಕಳಿಸಿದರೆ ಪ್ರತಿ ಸಾಲಿನ ಪಕ್ಕದಲ್ಲೂ ಟಿಪ್ಪಣಿ ಬರೆದು ಹಿಂದಿರುಗಿಸುತ್ತೇನೆ.